ವಾಟ್ ಸಾಕಿತ್ತು, ಕೈಕೊಟ್ಟಿದ್ದು ಓಮ್

ಹಳೆಯ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಜೋಡಿ ಮನೆಗೆ ಬಂದಾಗ ನನ್ನ ಹತ್ತಿರ ಇದ್ದದ್ದು 300ಬಿ ಎಂಬ ವ್ಯಾಕ್ಯೂಮ್ ಟ್ಯೂಬಿನ 8 ವಾಟ್ ಸಿಂಗಲ್ ಎಂಡೆಡ್ ಆಂಪ್, ಅಂದರೆ ಒಂದೇ ಔಟ್‌ಪುಟ್ ಟ್ಯೂಬು ಸ್ಪೀಕರನ್ನು ನಡೆಸುವ ಆಂಪ್ಲಿಫೈಯರ್. ವೈರ್ ಜೋಡಿಸಿ ಹಾಡು ಹಾಕಿದೆ. ಹಾಡುವವರು ಎದುರಿಗೇ ಕೂತ ಹಾಗೆ ಕೇಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡ್ರಮ್ಸ್ ಜೊತೆಗಿನ ಸಿಂಬಲ್ ತಟ್ಟೆಗಳ ಮೇಲೆ ಯಾರೋ ಟವೆಲ್ ಹೊದಿಸಿದಂತಿತ್ತು. ವಯೊಲಿನ್ ಕಮಾನು ತಂತಿಗೆ ತಾಗುವಾಗ ಬರುವ ಆ ಸಣ್ಣ ಕರಕರ ಇಲ್ಲವೇ ಇಲ್ಲ.

ಮೊದಲು ಗೋಡೆಯನ್ನು ದೂರಿದೆ. ಈ ಸ್ಪೀಕರ್‌ಗಳಿಗೆ ಪೆಟ್ಟಿಗೆ ಇಲ್ಲ, ಹಿಂದುಗಡೆಯಿಂದಲೂ ಅಷ್ಟೇ ಸದ್ದು ಬರುತ್ತದೆ. ಹಾಗಾಗಿ ಎರಡು ವಾರ ಅವನ್ನು ಹಿಂದೆ ಮುಂದೆ ಎಳೆದಾಡಿದ್ದೇ ಬಂತು. ಆಮೇಲೆ ಎಲ್ಲರ ಹಾಗೆ ನಾನೂ ವಾಟ್ ಸಾಲದು ಅಂದುಕೊಂಡು, ಇಎಲ್34 ಟ್ಯೂಬಿನ 35 ವಾಟ್ ಪುಶ್-ಪುಲ್ (ಜೋಡಿ ಟ್ಯೂಬು ಕೆಲಸ ಹಂಚಿಕೊಳ್ಳುವ) ಆಂಪ್ ತಂದೆ. ಸದ್ದು ಜಾಸ್ತಿಯಾಯಿತು. ಮಂಕು ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅಷ್ಟೊತ್ತಿಗೆ ಹೊಳೆಯಬೇಕಿತ್ತು: 1957ರಲ್ಲಿ ಬಂದ ಕ್ವಾಡ್ ಇಎಸ್‌ಎಲ್ ಎಂಬ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರನ್ನು ಜನ ಅದೇ ಕಂಪನಿಯ ಕ್ವಾಡ್ 2 ಟ್ಯೂಬ್ ಆಂಪ್ ಹಾಕಿಕೊಂಡೇ ಕೇಳುತ್ತಿದ್ದರು, ಅದು ಬರೀ 15 ವಾಟ್!

ವಿಷಯ ಇಷ್ಟೇ. ಈ ಸ್ಪೀಕರ್‌ನಲ್ಲಿ ವಾಯ್ಸ್ ಕಾಯಿಲ್ (ಸಾದಾ ಸ್ಪೀಕರಿನ ಕೋನನ್ನು ಅಲುಗಿಸುವ ತಂತಿ ಸುರುಳಿ) ಇಲ್ಲ. ತೂತಿರುವ ಎರಡು ತಟ್ಟೆಗಳ ನಡುವೆ ತೆಳ್ಳನೆಯ ಒಂದು ಪ್ಲಾಸ್ಟಿಕ್ ಹಾಳೆ, ಅದಕ್ಕೆ ಸಾವಿರಾರು ವೋಲ್ಟ್ ಚಾರ್ಜ್. ಅಂದರೆ ಆಂಪ್‌ನ ಕಣ್ಣಿಗೆ ಇದು ಹೆಚ್ಚುಕಡಿಮೆ ಒಂದು ಕೆಪಾಸಿಟರ್. ಫ್ರೀಕ್ವೆನ್ಸಿ ಏರಿದಷ್ಟೂ, ಅಂದರೆ ಸದ್ದು ತೀಕ್ಷ್ಣವಾದಷ್ಟೂ, ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಇಳಿಯುತ್ತದೆ. ಹಿಂದುಗಡೆ ಬರೆದಿರುವ ‘8 ಓಮ್’ ಸುಮ್ನೆ ಹೆಸರಿಗೆ. ನನ್ನ ಜೋಡಿ 1 ಕಿಲೋಹರ್ಟ್ಜ್‌ನಲ್ಲಿ ಸುಮಾರು 15 ಓಮ್ ಇದ್ದರೆ ಮೇಲೆ 15 ಕಿಲೋಹರ್ಟ್ಜ್‌ಗೆ ಹೋಗುವಷ್ಟರಲ್ಲಿ ಹತ್ತಿರಹತ್ತಿರ 2 ಓಮ್‌ಗೆ ಇಳಿದಿರುತ್ತದೆ. ಇತ್ತ ಟ್ಯೂಬ್ ಆಂಪ್‌ಗೂ ತನ್ನದೇ ಒಂದು ಔಟ್‌ಪುಟ್ ಇಂಪೀಡೆನ್ಸ್ ಇದೆ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕಳಿಸುವುದು) ಇಲ್ಲದ ಸಿಂಗಲ್ ಎಂಡೆಡ್ ಆಂಪ್‌ನಲ್ಲಿ ಅದು 2–3 ಓಮ್ ಇರುವುದು ಮಾಮೂಲು. ಸ್ಪೀಕರ್ 2 ಓಮ್‌ಗೆ ಇಳಿದಾಗ ವೋಲ್ಟೇಜಿನ ದೊಡ್ಡ ಪಾಲನ್ನು ಆಂಪ್ ತಾನೇ ನುಂಗಿಬಿಡುತ್ತದೆ. ಟವೆಲ್ ಹೊದಿಸುತ್ತಿದ್ದವರು ಯಾರು ಅಂತ ಈಗ ಗೊತ್ತಾಯಿತಲ್ವಾ?

ಅಳೆದು ನೋಡೋಣ ಅಂತ ಮಲ್ಟಿಮೀಟರ್ ಇಟ್ಟೆ. 15 ಕಿಲೋಹರ್ಟ್ಜ್‌ನಲ್ಲಿ ವೋಲ್ಟೇಜ್ ಪಾತಾಳಕ್ಕೆ ಬಿದ್ದಿತ್ತು. ಗಾಬರಿಯಾಗಿ ಸ್ಪೀಕರ್ ಬಿಚ್ಚಿ ಅದರ ಜಾಗಕ್ಕೆ ಸಾದಾ 8 ಓಮ್ ರೆಸಿಸ್ಟರ್ ಹಾಕಿದರೆ ಆಗಲೂ ಅದೇ ಕಥೆ! ತಪ್ಪು ಮೀಟರಿನದು. ಅಗ್ಗದ ಮೀಟರುಗಳು ಒಂದು ಕಿಲೋಹರ್ಟ್ಜ್ ದಾಟಿದರೆ ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸುವುದು ಅನುಮಾನ. ವೋಲ್ಟೇಜಿನ ಅಲೆಯನ್ನು ಪರದೆ ಮೇಲೆ ತೋರಿಸುವ ಗೆಳೆಯನ ಆಸಿಲೋಸ್ಕೋಪ್ ತಂದು ಮತ್ತೆ ಶುರು ಮಾಡಿದೆ. 1 ಕಿಲೋಹರ್ಟ್ಜ್‌ನಲ್ಲಿ 2 ವೋಲ್ಟ್‌ಗೆ ಇಟ್ಟುಕೊಂಡು 15 ಕಿಲೋಹರ್ಟ್ಜ್‌ಗೆ ಏರಿಸಿದರೆ 300ಬಿ ಆಂಪ್ 1.1ಕ್ಕೆ ಇಳಿಯಿತು, ಇಎಲ್34 ಆಂಪ್ 1.4ಕ್ಕೆ. ಎರಡನ್ನೂ 8 ಓಮ್ ಟ್ಯಾಪ್‌ಗೆ (ಸ್ಪೀಕರ್ ವೈರ್ ಸಿಕ್ಕಿಸಲು ಆಂಪ್‌ನಲ್ಲಿರುವ 4, 8 ಓಮ್ ಜಾಗಗಳಲ್ಲಿ ಒಂದಕ್ಕೆ) ಹಾಕಿದ್ದೆ, ಸ್ಪೀಕರ್ ಮೇಲೆ ಹಾಗೇ ಬರೆದಿದೆಯಲ್ಲ ಅಂತ.

ಆಂಪ್ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಇಎಲ್34 ಆಂಪ್‌ನ ವೈರನ್ನು 4 ಓಮ್ ಟ್ಯಾಪ್‌ಗೆ ಬದಲಾಯಿಸಿದೆ. (ಸ್ಪೀಕರ್ ಬಿಚ್ಚಿಟ್ಟು ಟ್ಯೂಬ್ ಆಂಪ್‌ಗೆ ಹಾಡು ಕೊಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.) ಈ ಸಲ 1.75 ವೋಲ್ಟ್ ಬಂತು. ಟ್ಯಾಪ್ ಅರ್ಧವಾದರೆ ಔಟ್‌ಪುಟ್ ಇಂಪೀಡೆನ್ಸೂ ಅರ್ಧವಾಗುತ್ತದೆ, ಅದಕ್ಕೇ ಇದು. ಬದಲಿಗೆ ಜೋರಿನಲ್ಲಿ ಸುಮಾರು 3 ಡೆಸಿಬಲ್ ಕಳೆದುಕೊಂಡೆ, ಅದು ನನಗೆ ದೊಡ್ಡ ನಷ್ಟ ಅನ್ನಿಸಲಿಲ್ಲ. ಅಳತೆ ಮುಗಿಸಿ ಹಾಡು ಹಾಕಿದಾಗ ಕಮಾನಿನ ಕರಕರ ಬಂದಿತ್ತು. ಅದೇ ಹಾಡನ್ನು ಮೂರು ಸಲ ಕೇಳಿದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಫೀಡ್‌ಬ್ಯಾಕ್ ಇನ್ನೊಂದಿಷ್ಟು ಹೆಚ್ಚಿಸಿದರೆ ಇಂಪೀಡೆನ್ಸ್ ಇನ್ನೂ ಇಳಿಯುತ್ತದಲ್ಲ ಅಂತ ಒಳಗಿನ ರೆಸಿಸ್ಟರ್ ಬದಲಿಸಿದೆ. ಬೆಂಚ್ ಮೇಲೆ 8 ಓಮ್ ರೆಸಿಸ್ಟರ್‌ನಲ್ಲಿ ಎಲ್ಲ ಚೆಂದ. ಸ್ಪೀಕರ್‌ಗೆ ಹಾಕಿದೆ, ಹಾಡು ಇನ್ನೂ ಶುರು ಮಾಡಿರಲಿಲ್ಲ, ಕೋಣೆ ನಿಶ್ಶಬ್ದ, ಅಷ್ಟರಲ್ಲಿ ಒಂದು ಇಎಲ್34ರ ಪ್ಲೇಟ್ ಮಧ್ಯದಲ್ಲಿ ಕೆಂಡದ ಬಣ್ಣದ ಚುಕ್ಕೆ ಮೂಡಿ ಹರಡತೊಡಗಿತು. ಓಡಿಹೋಗಿ ಸ್ವಿಚ್ ಆರಿಸಿದೆ. ಕೆಪಾಸಿಟರ್‌ನಂಥ ಲೋಡ್ ಸೇರಿದ್ದೇ ಆಂಪ್ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತಿತ್ತು, ಅಂದರೆ ಹಾಡಿಲ್ಲದೆಯೂ ತಾನಾಗಿಯೇ ಕಂಪಿಸುತ್ತಿತ್ತು. ಹಳೆಯ ರೆಸಿಸ್ಟರನ್ನೇ ವಾಪಸ್ ಹಾಕಿದೆ. ಈಗ ಯಾವುದೇ ಆಂಪ್ ಇರಲಿ, ಮೊದಲು 8 ಓಮ್ ರೆಸಿಸ್ಟರ್ ಜೊತೆ 2 ಮೈಕ್ರೋಫ್ಯಾರಡ್ ಕೆಪಾಸಿಟರ್ ಪ್ಯಾರಲಲ್ ಇಟ್ಟು, ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಕೊಟ್ಟು ಸ್ಕೋಪ್‌ನಲ್ಲಿ ನೋಡುತ್ತೇನೆ. ಮೂಲೆಯಲ್ಲಿ ಒಂದೆರಡು ಅಲೆ ಎದ್ದು ಅಡಗಿದರೆ ಸರಿ. ಅಡಗದೆ ಹಾಗೇ ಕುಣಿಯುತ್ತಿದ್ದರೆ ಆ ಆಂಪ್ ನನ್ನ ಸ್ಪೀಕರ್ ಹತ್ತಿರ ಸುಳಿಯುವುದಿಲ್ಲ.

300ಬಿಯನ್ನು ಮಾರಲಿಲ್ಲ. ಅದನ್ನೂ 4 ಓಮ್‌ಗೆ ಹಾಕಿ ನೋಡಿದೆ, 1.6 ಬಂತು. ರಾತ್ರಿ ಸಣ್ಣ ದನಿಯಲ್ಲಿ ಬರೀ ಹಾಡು, ಗಿಟಾರ್ ಕೇಳುವಾಗ ಈಗಲೂ ಅದನ್ನೇ ಜೋಡಿಸುತ್ತೇನೆ. ಡ್ರಮ್ಸ್ ಇರುವ ದಿನ ಮಾತ್ರ ಇಎಲ್34.