ಶ್ಯೂರಿಟಿ ನಿಂತವರಿಗೆ: ಆರೋಪಿ ತಲೆಮರೆಸಿಕೊಂಡರೆ ಏನು ಮಾಡಬೇಕು, ಕೋವಿ ಯಾಕೆ ಮುಟ್ಟಬಾರದು

ತೋಟದ ಕೆಲಸದವನಿಗೋ ಅಣ್ಣನ ಮಗನಿಗೋ ಪಹಣಿ ಕೊಟ್ಟು ಜಾಮೀನಿಗೆ ಶ್ಯೂರಿಟಿ ನಿಂತಿರುತ್ತೀರಿ. ಒಂದು ತಾರೀಕಿಗೆ ಅವನು ಕೋರ್ಟಿಗೆ ಬರುವುದಿಲ್ಲ, ಮುಂದಿನದಕ್ಕೂ ಇಲ್ಲ, ಫೋನ್ ಸ್ವಿಚ್ಡ್ ಆಫ್. ಕಾಫಿ ಕೊಯ್ಲಿನ ಸಮಯ, ಮೂಡಿಗೆರೆ ಕಡೆಯ ಯಾವುದೋ ಎಸ್ಟೇಟಿನ ಲೈನ್ ಮನೆಯಲ್ಲಿದ್ದಾನೆ ಎಂಬ ಸುದ್ದಿ ಸಕಲೇಶಪುರಕ್ಕೆ ಮುಟ್ಟುತ್ತದೆ. ನಾಲ್ಕು ಜನರನ್ನು ಜೀಪಿಗೆ ಹತ್ತಿಸಿಕೊಂಡು ಹೋಗಿ ಎಳೆದು ತರೋಣ ಅನ್ನಿಸುವುದು ಆಗಲೇ. ದಯವಿಟ್ಟು ಹೋಗಬೇಡಿ.

ಅಮೆರಿಕದಲ್ಲಿ ದುಡ್ಡಿಗೆ ಜಾಮೀನು ಕೊಡುವ ಕಂಪನಿಗಳೂ ಓಡಿಹೋದವರನ್ನು ಹಿಡಿದು ತರುವ ಏಜೆಂಟರೂ ಇದ್ದಾರೆ. ಜಾಮೀನುದಾರ ಬೇರೆ ರಾಜ್ಯದವರೆಗೂ ಬೆನ್ನಟ್ಟಬಹುದು, ಬೇಕಾದರೆ ಮನೆಗೆ ನುಗ್ಗಿಯೂ ಹಿಡಿಯಬಹುದು ಎಂದು 1872ರಲ್ಲಿ ಟೇಲರ್ ವಿರುದ್ಧ ಟೇಂಟರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತ್ತು. ಸಿನಿಮಾಗಳಲ್ಲಿ ನೋಡುವುದು ಅದನ್ನೇ. ನಮ್ಮಲ್ಲಿ ಆ ಅಧಿಕಾರ ಶ್ಯೂರಿಟಿಗೂ ಇಲ್ಲ, ಅವರು ಕಳಿಸಿದವರಿಗೂ ಇಲ್ಲ.

ಮೊದಲು ಕೇಸಿನ ಸ್ಥಿತಿ ತಿಳಿಯಿರಿ. ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಗುರುತು) ಹಾಕಿದರೆ ಮುಂದಿನ ತಾರೀಕು, ಹಿಂದಿನ ಆದೇಶ ಕಾಣುತ್ತವೆ. ಜಾಮೀನುರಹಿತ ವಾರಂಟ್ ಆಗಿದೆಯೇ, ನೀವು ಬರೆದುಕೊಟ್ಟ ಬಾಂಡ್ (ಜಾಮೀನು ಮುಚ್ಚಳಿಕೆ) ಮುಟ್ಟುಗೋಲಾಗಿದೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಿ. ಬಾಂಡ್ ಇನ್ನೂ ಮುಟ್ಟುಗೋಲಾಗಿಲ್ಲ ಎಂದಾದರೆ ಅದೇ ವಾರ, ಈಗಿನ ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಬಿಎನ್‌ಎಸ್‌ಎಸ್‌ನ 489ನೇ ಕಲಂ (ಹಳೆಯ ಸಿಆರ್‌ಪಿಸಿಯ 444) ಅಡಿ ಶ್ಯೂರಿಟಿಯಿಂದ ಬಿಡುಗಡೆ ಕೋರಿ ಅರ್ಜಿ ಹಾಕಿಸಿ. ಈ ಅರ್ಜಿಯನ್ನು ಯಾವಾಗ ಬೇಕಾದರೂ ಹಾಕಬಹುದು, ಆರೋಪಿ ತಪ್ಪಿಸಿಕೊಳ್ಳುವವರೆಗೆ ಕಾಯಬೇಕಿಲ್ಲ. ಬಾಂಡಿನ ನಕಲು, ನಿಮ್ಮ ಆಧಾರ್, ಆರೋಪಿಯ ಫೋಟೊ, ಹಳೆಯ ಫೋನ್ ನಂಬರ್, ನೆಂಟರ ವಿಳಾಸ, ಈಗ ಇರಬಹುದಾದ ಜಾಗ ಎಲ್ಲವನ್ನೂ ಜೊತೆಗಿಡಿ. ಅರ್ಜಿ ಬಂದ ಮೇಲೆ ಅವನನ್ನು ಹಿಡಿದು ತರಲು ಮ್ಯಾಜಿಸ್ಟ್ರೇಟರು ವಾರಂಟ್ ಹೊರಡಿಸುತ್ತಾರೆ.

ಹೆಚ್ಚಿನವರು ಎಡವುವುದು ಇಲ್ಲಿ. ಅರ್ಜಿ ಹಾಕಿದ ದಿನವೇ ಹೊಣೆ ಇಳಿಯಿತು ಎಂದುಕೊಳ್ಳುತ್ತಾರೆ. ಅವನು ತಾನಾಗಿ ಹಾಜರಾದ ಮೇಲೆ, ಇಲ್ಲವೇ ವಾರಂಟಿನ ಮೇಲೆ ಹಿಡಿದು ತಂದ ಮೇಲೆ ಮಾತ್ರ ಬಾಂಡ್ ರದ್ದಾಗುತ್ತದೆ.

ಠಾಣೆಗೂ ಬರಹದಲ್ಲಿ ಮಾಹಿತಿ ಕೊಟ್ಟು ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. "ಕಳಸದ ಕಡೆ ಇದ್ದಾನಂತೆ" ಎಂದರೆ ಯಾವ ಪೊಲೀಸರೂ ಹುಡುಕಲಾರರು. ಎಸ್ಟೇಟಿನ ಹೆಸರು, ಲೈನ್ ಮನೆಯ ಗುರುತು, ಮೇಸ್ತ್ರಿಯ ಹೆಸರು ಬರೆಯಿರಿ. ಮೇಸ್ತ್ರಿಯನ್ನು, ಮನೆಯವರನ್ನು ವಿಚಾರಿಸಲು ಅಡ್ಡಿಯಿಲ್ಲ. ಅವನ ಜೊತೆ ಮಾತಾಡಿ ಒಪ್ಪಿಸಲೂಬಹುದು, ನಿಜಕ್ಕೂ ಹೆಚ್ಚು ಕೆಲಸ ಮಾಡುವ ದಾರಿ ಅದೇ. ಒಪ್ಪಿ ಬಂದರೆ ವಕೀಲರಿಗೆ ಮೊದಲೇ ಹೇಳಿ, ಕಲಾಪ ಶುರುವಾಗುವ ಮೊದಲೇ ಕೋರ್ಟಿಗೆ ಕರೆತಂದು ವಾರಂಟ್ ರೀಕಾಲ್ (ಹಿಂಪಡೆಯುವ) ಅರ್ಜಿ ಹಾಕಿಸಿ. ದಾರಿಯಲ್ಲಿ ಮನಸ್ಸು ಬದಲಾಯಿಸಿ ಇಳಿಯುತ್ತೇನೆ ಎಂದರೆ ಇಳಿಸಿಬಿಡಬೇಕು. ಇಳಿಸದಿದ್ದರೆ ಅಲ್ಲಿಂದ ಮುಂದೆ ಅದು ಅಕ್ರಮ ಬಂಧನ.

ಸಾಮಾನ್ಯ ವ್ಯಕ್ತಿ ಹಿಡಿಯಬಹುದಾದ ಸಂದರ್ಭವೂ ಒಂದಿದೆ, ಆದರೆ ಬಲು ಕಿರಿದು. ಬಿಎನ್‌ಎಸ್‌ಎಸ್‌ನ 40ನೇ ಕಲಂ ಪ್ರಕಾರ ಕಣ್ಣೆದುರೇ ಜಾಮೀನುರಹಿತ, ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಅಥವಾ ಘೋಷಿತ ಅಪರಾಧಿಯನ್ನು ಹಿಡಿಯಬಹುದು. ವಾರಂಟ್ ಆದ ಮಾತ್ರಕ್ಕೆ ಯಾರೂ ಘೋಷಿತ ಅಪರಾಧಿಯಲ್ಲ. 84ನೇ ಕಲಂ ಅಡಿ ಕನಿಷ್ಠ 30 ದಿನದ ಉದ್ಘೋಷಣೆಯಾಗಿ, ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಆರೋಪವಿದ್ದು, ಕೋರ್ಟು ಹಾಗೆಂದು ಆದೇಶಿಸಿರಬೇಕು. ಆ ಆದೇಶದ ನಕಲು ಕೈಯಲ್ಲಿಲ್ಲದೆ ಯಾರನ್ನೂ ಮುಟ್ಟಬೇಡಿ.

ನಕಲಿದ್ದರೂ ಮಿತಿಗಳಿವೆ. ಹಿಡಿದ ಗಳಿಗೆಯಿಂದ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಆರು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ, ಆದ್ದರಿಂದ ನಿಮ್ಮೂರಿಗೆ ತರದೆ ಅಲ್ಲಿನ ಹತ್ತಿರದ ಠಾಣೆಗೇ ಹೋಗಿ. 112ಕ್ಕೆ ಕರೆಮಾಡಿ ಸಮಯ ಬರೆದಿಟ್ಟುಕೊಳ್ಳಿ. ಕೊಸರಿದರೆ ಹಿಡಿದು ನಿಲ್ಲಿಸಲು ಬೇಕಾದಷ್ಟೇ ಬಲ. ಅವನು ಸುಮ್ಮನಾದ ಕೂಡಲೇ ನೀವೂ ಸುಮ್ಮನಾಗಬೇಕು. ಹಗ್ಗದಲ್ಲಿ ಕಟ್ಟುವುದು, ಹೊಡೆಯುವುದು ಸಲ್ಲದು. ಅವನು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡರೆ ಹೊರಗೇ ನಿಂತು ಪೊಲೀಸರನ್ನು ಕರೆಯಿರಿ. ಬಾಗಿಲು ಮುರಿಯುವ ಅಧಿಕಾರ ವಾರಂಟ್ ಜಾರಿ ಮಾಡುವವರಿಗೆ ಮತ್ತು ಬಂಧಿಸಲು ಅಧಿಕಾರವಿರುವ ಪೊಲೀಸರಿಗೆ ಮಾತ್ರ.

ಕೋವಿಯ ವಿಷಯ. ನಮ್ಮ ಕಡೆ ತೋಟದ ಮನೆಗಳಲ್ಲಿರುವುದು ಹೆಚ್ಚಾಗಿ ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಪರವಾನಗಿ ಪಡೆದದ್ದು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯೂ ಮನುಷ್ಯರನ್ನು ಬೆನ್ನಟ್ಟಲು ಕೊಟ್ಟದ್ದಲ್ಲ. ಷರತ್ತು ಮೀರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲು, ಪರವಾನಗಿಯೂ ಹೋಗಬಹುದು. ಕೋವಿ ತೋರಿಸಿ "ಸುಟ್ಟುಬಿಡ್ತೀನಿ" ಎಂದರೆ ಅಪರಾಧ-ಶಿಕ್ಷೆಗಳ ಕಾನೂನಾದ ಬಿಎನ್‌ಎಸ್ 351(3) ಅಡಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಗುಂಡು ಹಾರಲೇಬೇಕೆಂದೇನಿಲ್ಲ. ಆತ್ಮರಕ್ಷಣೆ ಎಂಬ ವಾದವೂ ಸುಲಭದಲ್ಲಿ ನಿಲ್ಲುವುದಿಲ್ಲ: ಪೊಲೀಸರ ಮೊರೆಹೋಗಲು ಸಮಯವಿದ್ದವರಿಗೆ ಬಿಎನ್‌ಎಸ್‌ನ 37ನೇ ಕಲಂ ಆ ಹಕ್ಕನ್ನೇ ಕೊಡುವುದಿಲ್ಲ. ಕಸಿ ಮಾಡುವ ಕತ್ತಿಗೂ ಜೀಪಿನಲ್ಲಿ ಬಿದ್ದಿರುವ ಮಚ್ಚಿಗೂ ಇದೇ ಮಾತು; ಹೊರಡುವ ಮೊದಲು ಇಳಿಸಿಟ್ಟು ಹೋಗಿ.

ಖಾಕಿ ಹಾಕಿಕೊಂಡು ಪೊಲೀಸರೆಂದು ಹೇಳಿಕೊಂಡರೆ ಬಿಎನ್‌ಎಸ್‌ನ 204ನೇ ಕಲಂ ಅಡಿ ಆರು ತಿಂಗಳಿಂದ ಮೂರು ವರ್ಷ ಜೈಲು. ಇನ್ನೂ ಕೆಟ್ಟದ್ದು, ಅವನು ಬರುವವರೆಗೆ ಹೆಂಡತಿ ಮಕ್ಕಳನ್ನು ಲೈನ್ ಮನೆಯಲ್ಲಿ ಕೂಡಿಹಾಕುವುದು. ಅವರದೇನೂ ತಪ್ಪಿಲ್ಲ. ಮೂರು ದಿನ ಅಥವಾ ಹೆಚ್ಚಾದರೆ ಮೂರು ವರ್ಷ, ಹತ್ತು ದಿನ ಅಥವಾ ಹೆಚ್ಚಾದರೆ ಐದು ವರ್ಷದವರೆಗೆ ಶಿಕ್ಷೆ.

ಬಾಂಡ್ ಈಗಾಗಲೇ ಮುಟ್ಟುಗೋಲಾಗಿದ್ದರೆ ಬಿಎನ್‌ಎಸ್‌ಎಸ್‌ನ 491ನೇ ಕಲಂ ಅಡಿ ಕಾರಣ ಕೇಳಿ ನೋಟಿಸ್ ಬರುತ್ತದೆ. ಅದನ್ನು ಅಟ್ಟಕ್ಕೆ ಎಸೆಯಬೇಡಿ. ಹಣ ಕಟ್ಟದೆ, ವಸೂಲಿಯೂ ಆಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲಿಗೆ ಹೋಗಬೇಕಾದೀತು. ಠಾಣೆಯ ಸೀಲಿದ್ದ ನಕಲು, ಹುಡುಕಿದ ವಿವರ, 489ರ ಅರ್ಜಿ ಹಾಕಿದ್ದರೆ ಅದರ ದಿನಾಂಕ ಎಲ್ಲವನ್ನೂ ಹಾಜರುಪಡಿಸಿ ದಂಡದಲ್ಲಿ ಕಡಿತ ಕೇಳಿ. ಕಾರಣ ದಾಖಲಿಸಿ ಮೊತ್ತ ಇಳಿಸುವ ಅಧಿಕಾರ ಕೋರ್ಟಿಗಿದೆ. ಮ್ಯಾಜಿಸ್ಟ್ರೇಟರ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಜಿಲ್ಲಾ ಸೆಷನ್ಸ್ ನ್ಯಾಯಾಧೀಶರ ಮುಂದೆ, 495ನೇ ಕಲಂ ಅಡಿ.