ಚಾರ್ಟಲ್ಲಿ 6/6, ರಸ್ತೆಯಲ್ಲಿ ಗೊಂದಲ: ಎಂ.ಎಸ್. ಇರುವವರಿಗೆ

ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ) ಇದ್ದರೆ, ಅಕ್ಷರ ಓದುವ ಪರೀಕ್ಷೆಯಲ್ಲಿ 6/6 ಬಂದರೂ ನೋಟದ ತೊಂದರೆ ಇರಬಹುದು. ಕಣ್ಣಿನ ನರದ ಮೇಲಿನ ಮಯಲಿನ್ ಪೊರೆ ಹಾಳಾದರೆ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುತ್ತದೆ. ಸಿಲ್ಕ್ ಬೋರ್ಡ್ ದಾಟಿ ಬರುವ ಬಸ್ಸಿನ ಹಾಗೆ, ಬರೋದಂತೂ ಬರುತ್ತೆ. ವಿಇಪಿ ಪರೀಕ್ಷೆಯಲ್ಲಿ, ಅಂದರೆ ಕಣ್ಣಿಗೆ ಚಿತ್ರ ತೋರಿಸಿ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯನ್ನು ದಾಖಲಿಸುವ ಪರೀಕ್ಷೆಯಲ್ಲಿ, ಅಳೆಯುವುದು ಈ ತಡವನ್ನೇ. ಸುಮಾರು 100 ಮಿಲಿಸೆಕೆಂಡಿಗೆ ಬರಬೇಕಾದ ಅಲೆ ನನ್ನ ಎಡಗಣ್ಣಿನಲ್ಲಿ ನಿಧಾನ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ದಾರಕ್ಕೆ ಬೀಗದ ಕೈ ಕಟ್ಟಿ, ಎದುರಿಗೆ ನಿಂತವರು ಅದನ್ನು ಎಡಕ್ಕೂ ಬಲಕ್ಕೂ ತೂಗಲಿ. ಎರಡೂ ಕಣ್ಣು ತೆರೆದೇ ನೋಡಿ. ನನಗೆ ಕೀ ಗುಂಡಗೆ ಸುತ್ತುತ್ತಿತ್ತು. "ಸುಮ್ನೆ ಅತ್ತಿತ್ತ ತೂಗ್ತಿದ್ದೀನಿ ಕಣೇ" ಅಂದಳು ಅಕ್ಕ. ಒಂದು ಕಣ್ಣು ಮುಚ್ಚಿದೆ, ಸುತ್ತು ಮಾಯ! ಒಂದು ಕಣ್ಣಿನ ಸುದ್ದಿ ಇನ್ನೊಂದಕ್ಕಿಂತ ತಡವಾಗಿ ಮುಟ್ಟುವುದರಿಂದ ಮಿದುಳು ಹೀಗೆ ದೂರದ ಲೆಕ್ಕ ತಪ್ಪುತ್ತದೆ. ಇದನ್ನು 1922ರಲ್ಲಿ ವಿವರಿಸಿದ್ದು ಜರ್ಮನಿಯ ಕಾರ್ಲ್ ಪುಲ್‌ಫ್ರಿಕ್. ಪಾಪ, ಅವರಿಗೇ ಒಂದು ಕಣ್ಣು ಕಾಣುತ್ತಿರಲಿಲ್ಲ, ಹಾಗಾಗಿ ತಾವೇ ಇದನ್ನು ನೋಡಲು ಆಗಲಿಲ್ಲ.

ಗಾಂಧಿ ಬಜಾರಿನಲ್ಲಿ ಅಡ್ಡ ಹಾಯುವ ಆಟೋ ಇರುವುದಕ್ಕಿಂತ ಹತ್ತಿರ ಅಥವಾ ದೂರ ಕಾಣುವುದು ಇದರಿಂದಲೇ. ಅಂದಾಜಿನ ಮೇಲೆ ರಸ್ತೆ ದಾಟಬೇಡಿ. ಸಿಗ್ನಲ್ ಇರುವ ಕಡೆಗೇ ನಡೆಯಿರಿ, ಇಲ್ಲವೇ ದಾಟುತ್ತಿರುವವರ ಪಕ್ಕ ಸೇರಿಕೊಳ್ಳಿ. ಚೆನ್ನಾಗಿರುವ ಕಣ್ಣಿಗೆ ತುಸು ಕಪ್ಪು ಛಾಯೆಯ ಗಾಜು ಹಾಕಿ ಎರಡನ್ನೂ ಸರಿದೂಗಿಸುವ ಕನ್ನಡಕವೂ ಉಂಟು. ಡಾಕ್ಟರನ್ನು ಕೇಳಿ, ನೀವೇ ಕೂಲಿಂಗ್ ಗ್ಲಾಸ್ ಕೊಂಡು ಪ್ರಯೋಗ ಮಾಡಬೇಡಿ.

ಮನೆ ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಅಂಟಿಸಿ. ಬೂದು ಕಲ್ಲಿನ ಮೇಲೆ ಬೂದು ಅಂಚು ಕಾಣುವುದೇ ಇಲ್ಲ. ಮೊಸರನ್ನದ ತಟ್ಟೆ ಬಿಳಿ ಬೇಡ. ಕುಂಕುಮದ ಬಟ್ಟಲನ್ನು ಒಂದೊಂದೇ ಕಣ್ಣಲ್ಲಿ ನೋಡಿ, ಒಂದರಲ್ಲಿ ಕೆಂಪು ತೊಳೆದಂತೆ ಪೇಲವವಾಗಿದ್ದರೆ ಡಾಕ್ಟರಿಗೆ ಹೇಳಿ.

ಏಪ್ರಿಲ್ ಬಿಸಿಲಲ್ಲಿ ನಡೆದ ಮೇಲೆ ಕಣ್ಣು ಮಂಜಾದರೆ ಗಾಬರಿ ಬೇಡ. ಮೈ ಬಿಸಿಯಾದಾಗ ಹಾಳಾದ ನರ ಇನ್ನೂ ಸೋಲುತ್ತದೆ. ನೆರಳಲ್ಲಿ ಕೂತು ತಣ್ಣೀರು ಕುಡಿಯಿರಿ, ಮೈ ತಣ್ಣಗಾದರೆ ತಿಳಿಯಾಗುತ್ತದೆ. ಆದರೆ ಮಂಜು 24 ಗಂಟೆ ದಾಟಿದರೆ ಅಥವಾ ಕಣ್ಣು ಹೊರಳಿಸಿದಾಗ ನೋವಾದರೆ ಕಾಯಬೇಡಿ, ನಿಮ್ಮ ನರರೋಗ ತಜ್ಞರಿಗೆ ಅವತ್ತೇ ಫೋನ್ ಮಾಡಿ. "ಮಂಜು" ಅಂತಷ್ಟೇ ಹೇಳಿದರೆ ಸಾಲದು. ಯಾವ ಕಣ್ಣು, ಯಾವಾಗಿನಿಂದ, ಜ್ವರ ಇದೆಯಾ, ಇಷ್ಟನ್ನೂ ಹೇಳಿ.