ಪಸೆ ಉಳಿದರೆ ಪಾಕೀಟು ಉಳಿಯದು: ರೊಟ್ಟಿ, ಚಟ್ನಿ, ಅಂಟವಾಳ ಪುಡಿ ಮಾಡಿ ಮಾರುವವರಿಗೆ

ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಮನೆಗಳಿಗೆ ಬರವಿಲ್ಲ. ಪಾತ್ರೆ ತಿಕ್ಕಲು ಅಂಟವಾಳದ ಪುಡಿ ಕೇಳುವವರೂ ಇದ್ದಾರೆ. ಗಿರಾಕಿ ಮೂರಕ್ಕೂ ಕೇಳುವುದು ಒಂದೇ ಮಾತು: "ಕೆಮಿಕಲ್ ಹಾಕಿಲ್ಲ ಅಲ್ರೀ?" ಹಾಕಿಲ್ಲ, ಸರಿ. ಆದರೆ ಕೆಮಿಕಲ್ ಮಾಡುತ್ತಿದ್ದ ಕೆಲಸವನ್ನು ಬಿಸಿಲು, ಒಲೆ, ಬಿಗಿ ಮುಚ್ಚಳಗಳೇ ಮಾಡಬೇಕು. ಬೂಷ್ಟು ಬಂದ ರೊಟ್ಟಿ, ಕಮಟು ಹಿಡಿದ ಚಟ್ನಿ, ಗಂಟು ಕಟ್ಟಿದ ಪುಡಿ, ಯಾವುದು ವಾಪಸ್ ಬಂದರೂ ಎಲ್ಲಿ ಪಸೆ ಉಳಿಯಿತು ಎಂದು ಮೊದಲು ಹುಡುಕಿ.

ಕಡಕ್ ರೊಟ್ಟಿ

ಹಿಂಗಾರಿ ಬಿಳಿಜೋಳವೇ ಆಗಬೇಕು. ಎಂ 35-1 ತಳಿ, ಅಂದರೆ ಮಾಲದಂಡಿ, ಗದಗ-ನವಲಗುಂದ ಕಡೆಯ ಎರೆಹೊಲದ್ದು ಸಿಕ್ಕರೆ ಮತ್ತೊಂದು ಹುಡುಕಬೇಡಿ. ಮುಂಗಾರಿ ಜೋಳ ಕಾಳು ಬಲಿಯುವ ಹೊತ್ತಿಗೆ ಮಳೆಗೆ ಸಿಕ್ಕರೆ ತೆನೆಯಲ್ಲೇ ಕಪ್ಪು ಹಿಡಿದಿರುತ್ತದೆ. ಅದರ ಮುಗ್ಗಲು ವಾಸನೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ಸುರಿಯದೆ ಬಟ್ಟೆಯ ಮೇಲೆ ಹರವಿ ಆರಿಸಿ, ವಾರದೊಳಗೆ ಬಳಸಿ ಮುಗಿಸಿ. ಹಿಟ್ಟು ಹಳತಾದಷ್ಟೂ ಜಿಗಿ ಕಡಿಮೆಯಾಗಿ, ಬಡಿಯುವಾಗ ಅಂಚು ಸೀಳುತ್ತದೆ.

1 ಕೆಜಿ ಹಿಟ್ಟಿಗೆ ಹೆಚ್ಚುಕಡಿಮೆ 900 ಮಿಲಿಯಿಂದ 1 ಲೀಟರ್ ನೀರು ಹಿಡಿಯುತ್ತದೆ. ಅರ್ಧ ನೀರನ್ನು ಎಸರಿಟ್ಟು, ಕುದಿಯುತ್ತಿರುವಾಗಲೇ ಪರಾತದಲ್ಲಿನ ಹಿಟ್ಟಿನ ನಡುವೆ ಸುರಿದು, ಹುಟ್ಟಿನಿಂದ ತಿರುವಿ 5 ನಿಮಿಷ ಮುಚ್ಚಿಡಿ. ಗೋಧಿಗಿರುವ ಜಿಗಟು (ಗ್ಲುಟೆನ್) ಜೋಳಕ್ಕಿಲ್ಲ. ಕುದಿನೀರಿಗೆ ಹಿಟ್ಟಿನ ಗಂಜಿ ಅಂಟಾಗುವುದರಿಂದಲೇ ರೊಟ್ಟಿ ತೆಳ್ಳಗೆ ಹರಡುತ್ತದೆ. ಉಳಿದ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ಸ್ವಲ್ಪಸ್ವಲ್ಪವೇ ಹಾಕುತ್ತ ಅಂಗೈಯಿಂದ ಒತ್ತಿ ನಾದಿ. ಎಲ್ಲ ಹಿಟ್ಟನ್ನೂ ಒಮ್ಮೆಗೇ ನಾದಿಡಬಾರದು, ಎರಡು ಮೂರು ರೊಟ್ಟಿಗಾಗುವಷ್ಟೇ ಸಾಕು. 70-75 ಗ್ರಾಂ ಉಂಡೆ ಕಟ್ಟಿದರೆ ಒಂದು ಕೆಜಿಗೆ 25 ರೊಟ್ಟಿ ಬರುತ್ತವೆ.

ಬಡಿಯುವಾಗ ನಡುವೆ ತೆಳು, ಅಂಚು ದಪ್ಪ ಆಗುವುದು ಹೊಸಬರ ಕೈಗುಣ. ಅಂಥ ರೊಟ್ಟಿಯ ನಡುಭಾಗ ಕಡಕ್ ಆದರೂ ಅಂಚು ಒಳಗೊಳಗೇ ಹಸಿ ಉಳಿದು, ಬೂಷ್ಟು ಅಲ್ಲಿಂದಲೇ ಶುರುವಾಗುತ್ತದೆ. ಕೊನೆಯ ಸುತ್ತಿನಲ್ಲಿ ಬೆರಳು ಅಂಚಿನ ಮೇಲೇ ಓಡಲಿ. ಹಂಚು ಚೆನ್ನಾಗಿ ಕಾದ ಮೇಲೆ, ಹಿಟ್ಟು ಸವರಿದ ಬದಿ ಮೇಲೆ ಬರುವಂತೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಹಚ್ಚಿ. ನೀರು ಆರುತ್ತ ಬಂದಾಗ ತಿರುವಬೇಕು. ತಡವಾದರೆ ಮೇಲ್ಮೈ ಬಿರಿಯುತ್ತದೆ, ಬೇಗ ತಿರುವಿದರೆ ಹಂಚಿಗೆ ಹತ್ತುತ್ತದೆ. ಎರಡೂ ಬದಿ ಬೆಂದ ಮೇಲೆ ಉರಿ ಸಣ್ಣಗೆ ಮಾಡಿ, ಬಟ್ಟೆಯ ಉಂಡೆಯಿಂದ ಅಂಚನ್ನು ಒತ್ತುತ್ತ ಗಟ್ಟಿಯಾಗುವವರೆಗೆ ಬಿಡಿ. ಆಮೇಲೆ ಒಲೆಯ ಕಾವಿಗೆ ಒರಗಿಸಿ ನಿಲ್ಲಿಸಬೇಕು. ಬಿಸಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದರ ಉಗಿ ಇನ್ನೊಂದಕ್ಕೆ ಇಳಿಯುತ್ತದೆ. ಎರಡು ತಾಸಾದರೂ ಆರಬೇಕು. ಪರೀಕ್ಷೆ ಸುಲಭ: ಅಂಚು ಮುರಿದರೆ 'ಟಕ್' ಅನ್ನಬೇಕು. ಬಾಗಿ ಮುರಿದರೆ ಮತ್ತೆ ಹಂಚಿಗೆ.

ಸಜ್ಜಿ ರೊಟ್ಟಿ ಮಾಡುವವರಿಗೆ ಒಂದು ಎಚ್ಚರಿಕೆ. ಸಜ್ಜಿಯಲ್ಲಿ ಎಣ್ಣೆಯಂಶ ಹೆಚ್ಚು, ಬೀಸಿದ ಕೆಲವೇ ದಿನಕ್ಕೆ ಹಿಟ್ಟು ಕಹಿಯಾಗುತ್ತದೆ. ಎರಡು ದಿನಕ್ಕೆ ಬೇಕಾದಷ್ಟೇ ಬೀಸಿ. ಎಳ್ಳು ಹಚ್ಚಿದ ರೊಟ್ಟಿಗೂ ಬರಿ ರೊಟ್ಟಿಯಷ್ಟು ಬಾಳಿಕೆ ಇಲ್ಲ.

ಶೇಂಗಾ ಚಟ್ನಿ

1 ಕೆಜಿ ಶೇಂಗಾ ಕಾಳಿಗೆ ಬ್ಯಾಡಗಿ ಖಾರಪುಡಿ 80 ಗ್ರಾಂ, ಉಪ್ಪು 40 ಗ್ರಾಂ, ಬೆಳ್ಳುಳ್ಳಿ 80 ಗ್ರಾಂ, ಜೀರಿಗೆ 20 ಗ್ರಾಂ, ಒಂದು ಹಿಡಿ ಕರಿಬೇವು. ಹುರಿದು ಸಿಪ್ಪೆ ತೆಗೆದ ಮೇಲೆ ಕಾಳು ಸುಮಾರು 900 ಗ್ರಾಂ ಉಳಿಯುತ್ತದೆ. ದರ ಕಟ್ಟುವಾಗ ಈ 100 ಗ್ರಾಂ ಮರೆತವರು ಲಾಭ ಎಲ್ಲಿ ಹೋಯಿತು ಎಂದು ತಿಂಗಳ ಕೊನೆಗೆ ತಲೆ ಕೆರೆದುಕೊಳ್ಳುತ್ತಾರೆ.

ಹುರಿಯುವ ಮೊದಲು ಕಾಳು ಆರಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಮುರುಟಿದ, ಬಣ್ಣಗೆಟ್ಟ, ಬೂಷ್ಟು ವಾಸನೆಯ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೆ ಅದು ಪೂರ್ತಿ ಸಾಯುವುದಿಲ್ಲ. ಖಾರ ಹೆಚ್ಚು ಹಾಕಿದರೆ ಕಹಿ ಮುಚ್ಚೀತು ಅಷ್ಟೇ, ವಿಷ ಹಾಗೇ ಇರುತ್ತದೆ. ಆರಿಸಿ ತೆಗೆದದ್ದನ್ನು ದನಕ್ಕೂ ಹಾಕಬೇಡಿ.

ಸಣ್ಣ ಉರಿಯಲ್ಲಿ 20-25 ನಿಮಿಷ ಹುರಿಯಿರಿ. ಕಾಳನ್ನು ಸೀಳಿ ನೋಡಿದರೆ ಒಳಗೂ ಬಣ್ಣ ತಿರುಗಿರಬೇಕು. ದೊಡ್ಡ ಉರಿಯಲ್ಲಿ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಬೆಳ್ಳುಳ್ಳಿಯೇ ಇಲ್ಲಿ ಕಳ್ಳ. ಹಸಿ ಎಸಳು ಹಾಕಿದ ಚಟ್ನಿ ಮನೆಯಲ್ಲಿ ವಾರದೊಳಗೆ ತಿನ್ನಲಿಕ್ಕೆ ರುಚಿ, ಪಾಕೀಟಿಗೆ ಅಲ್ಲ. ಮಾರುವುದಕ್ಕಾದರೆ ಎಸಳನ್ನು ಸೀಳಿ ಒಂದು ದಿನ ಬಿಸಿಲಿಗೆ ಹಾಕಿ, ಆಮೇಲೆ ಹಂಚಿನ ಮೇಲೆ ಗರಿಗರಿಯಾಗುವವರೆಗೆ ಹುರಿಯಿರಿ. ಕರಿಬೇವನ್ನು ತೊಳೆದಿದ್ದರೆ ಅದಕ್ಕೂ ಹಾಗೇ.

ಮೆಣಸಿನಕಾಯಿ ಬ್ಯಾಡಗಿಯದೇ ಇರಲಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹೀಗಾಗಿ ಬೇರೆ ಬಣ್ಣದ ಪುಡಿ ಬೇಕಿಲ್ಲ. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಕಾಯಿ ಹೊರಗಿನ ಗಾಳಿಗೆ ಬೆವರುತ್ತದೆ. ಅದನ್ನು ಒಣಗಿಸದೆ ಗಿರಣಿಗೆ ಹಾಕಿದರೆ ಪುಡಿ ಗಂಟಾಗುತ್ತದೆ. ಅಲ್ಲಾಡಿಸಿದಾಗ ಒಳಗಿನ ಬೀಜ ಗಿಲಗಿಲ ಅನ್ನುವವರೆಗೆ ಬಿಸಿಲಿಗಿಡಿ.

ಎಲ್ಲವೂ ಪೂರ್ತಿ ಆರಿದ ಮೇಲೆ ಒಳ್ಳಿನಲ್ಲಿ ಕುಟ್ಟಿದರೆ ಉತ್ತಮ. ಮಿಕ್ಸಿಯಾದರೆ ಮೂರು ನಾಲ್ಕು ಸೆಕೆಂಡು ತಿರುಗಿಸಿ ನಿಲ್ಲಿಸಿ. ಬಿಡದೆ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಚಟ್ನಿ ಉಂಡೆಯಾಗುತ್ತದೆ, ಹೊರಬಂದ ಎಣ್ಣೆ ಬೇಗ ಕಮಟುತ್ತದೆ.

ಅಂಟವಾಳ ಪುಡಿ

ನೊರೆ ಬರುವುದು ಸಿಪ್ಪೆಯಿಂದ, ಬೀಜದಿಂದಲ್ಲ. ಬೀಜ ತೆಗೆದು ಎರಡು ಮೂರು ದಿನ ಕಡು ಬಿಸಿಲಿಗೆ ಹಾಕಿ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅಂಟಂಟಾಗಿದ್ದರೆ ಬ್ಲೇಡಿಗೇ ಹತ್ತಿಕೊಳ್ಳುತ್ತದೆ. ಅಂಟವಾಳ 600 ಗ್ರಾಂ, ಸೀಗೆಕಾಯಿ 250 ಗ್ರಾಂ, ಒಣಗಿಸಿದ ನಿಂಬೆ ಸಿಪ್ಪೆ 150 ಗ್ರಾಂ ಬೀಸಿ ಜರಡಿ ಹಿಡಿಯಿರಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಸೀನು ನಿಲ್ಲದು, ಕಣ್ಣಿಗೆ ಹೋದರೆ ಉರಿ. ಚಟ್ನಿಯ ಮಿಕ್ಸಿಯಲ್ಲಿ ಇದನ್ನು ಎಂದೂ ಬೀಸಬೇಡಿ.

ದ್ರವವಾಗಿ ಬಾಟಲಿಯಲ್ಲಿ ಕೊಡಿ ಅನ್ನುವ ಗಿರಾಕಿಗಳಿಗೆ ಇಲ್ಲ ಅನ್ನುವುದೇ ಒಳ್ಳೆಯದು. ಕುದಿಸಿ ಸೋಸಿದ ಅಂಟವಾಳದ ನೀರು ಮೂರು ನಾಲ್ಕು ದಿನಕ್ಕೆ ಹುಳಿಯುತ್ತದೆ, ಮುಚ್ಚಿದ ಬಾಟಲಿ ಉಬ್ಬುತ್ತದೆ. ಪುಡಿಯನ್ನೇ ಕೊಟ್ಟು, ಬಿಸಿನೀರಿನಲ್ಲಿ ಕಲಸಿಕೊಳ್ಳಲು ಹೇಳಿ. ನೊರೆ ಕಡಿಮೆ, ಜಿಡ್ಡಿನ ಪಾತ್ರೆಗೆ ತಣ್ಣೀರು ಸಾಲದು ಎಂಬುದನ್ನೂ ಮುಂಚೆಯೇ ತಿಳಿಸಿ. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಮಾತ್ರ ಇದಕ್ಕೊಂದು ಹೆಚ್ಚುಗಾರಿಕೆ ಇದೆ: ಸಾಬೂನಿನ ಹಾಗೆ ಬಿಳಿ ಗಸಿ ಕಟ್ಟುವುದಿಲ್ಲ.

ಪಾಕೀಟು ಮತ್ತು ಲೇಬಲ್

ಪರಿಸರಸ್ನೇಹಿ ಎಂದು ರೊಟ್ಟಿಯನ್ನು ಬರಿ ಕಾಗದದ ಚೀಲದಲ್ಲಿ ಕೊಡುವವರಿದ್ದಾರೆ. ಧಾರವಾಡದ ಜುಲೈ ತಿಂಗಳಲ್ಲಿ ಅದು ಮರುದಿನಕ್ಕೇ ಮೆತ್ತಗಾಗುತ್ತದೆ. ಕಸಕ್ಕೆ ಹೋದ ರೊಟ್ಟಿಯಿಂದ ಪರಿಸರಕ್ಕೇನು ಲಾಭ? ಊರೊಳಗಿನ ಗಿರಾಕಿಗೆ ಸ್ಟೀಲ್ ಡಬ್ಬಿ ಅಥವಾ ಗಾಜಿನ ಬಾಟಲಿ ಠೇವಣಿ ಮೇಲೆ ಕೊಟ್ಟು ತಿರುಗಿ ಪಡೆಯಿರಿ. ಬಂದ ಬಾಟಲಿ ತೊಳೆದ ಮೇಲೆ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸದಿದ್ದರೆ ಅಷ್ಟೂ ಶ್ರಮ ವ್ಯರ್ಥ. ದೂರದೂರಿಗೆ ಕಳಿಸುವಾಗ ಗಾಳಿಯಾಡದ ಪಾಕೀಟು ಬಿಟ್ಟು ಬೇರೆ ದಾರಿಯಿಲ್ಲ.

ತಿನ್ನುವ ಮಾಲಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ 14 ಅಂಕಿಯ ನಂಬರು ಹಾಕಬೇಕು. ಜೊತೆಗೆ ಸಾಮಗ್ರಿ, ನಿವ್ವಳ ತೂಕ, ತಯಾರಿಸಿದ ದಿನ, ಬಾಳಿಕೆ, ಬೆಲೆ, ವಿಳಾಸ, ಹಸಿರು ಚುಕ್ಕೆ. ಶೇಂಗಾ ಕೆಲವರಿಗೆ ಅಲರ್ಜಿ, ಅದನ್ನು ಬೇರೆಯಾಗಿ ಬರೆಯಿರಿ. 'ಸಾವಯವ' ಎಂಬ ಪದ ಮಾತ್ರ ಹಗುರವಾಗಿ ಬಳಸಬೇಡಿ. ಶೇಂಗಾ ಪ್ರಮಾಣಪತ್ರವಿರುವ ರೈತರದ್ದಾಗಿ, ಮೆಣಸಿನಕಾಯಿ ಪೇಟೆಯದ್ದಾದರೆ ಚಟ್ನಿ ಸಾವಯವ ಆಗುವುದಿಲ್ಲ. ರಾಸಾಯನಿಕ ಬಿಟ್ಟ ಹೊಲಕ್ಕೂ ವಾರ್ಷಿಕ ಬೆಳೆಗಳಲ್ಲಿ ಸಾಮಾನ್ಯವಾಗಿ ಎರಡು ವರ್ಷದ ಪರಿವರ್ತನೆ ಅವಧಿ ಇರುತ್ತದೆ. 'ಸಂರಕ್ಷಕ ಹಾಕಿಲ್ಲ' ಎಂದು ನಿಜವಿದ್ದಷ್ಟೇ ಬರೆದರೂ ಮಾಲು ಹೋಗುತ್ತದೆ.

ಬಾಳಿಕೆಯ ದಿನಾಂಕವನ್ನು ಪಕ್ಕದ ಅಂಗಡಿಯ ಪಾಕೀಟು ನೋಡಿ ಬರೆಯಬೇಡಿ. ಪ್ರತಿ ಸಲ ಮಾಡಿದ ಮಾಲಿನಿಂದ ಮೂರು ಪಾಕೀಟು ತೆಗೆದಿಟ್ಟು 7, 15, 30ನೇ ದಿನ ಒಂದೊಂದನ್ನು ಒಡೆಯಿರಿ. ರೊಟ್ಟಿಯ ಸದ್ದು, ಚಟ್ನಿಯ ವಾಸನೆ, ಪುಡಿಯ ಗಂಟು ನೋಡಿ ವಹಿಯಲ್ಲಿ ಬರೆದಿಡಿ. ಮೊದಲ ದೋಷ ಕಂಡ ದಿನಕ್ಕೂ ಸಾಕಷ್ಟು ಮೊದಲಿನ ದಿನವನ್ನೇ ಲೇಬಲ್‌ಗೆ ಹಾಕಿ. ಏಪ್ರಿಲ್‌ನ ಲೆಕ್ಕ ಮಳೆಗಾಲಕ್ಕೆ ನಡೆಯದು, ಜೂನ್ ಬಂದ ಕೂಡಲೇ ಹೊಸದಾಗಿ ಮೂರು ಪಾಕೀಟು ತೆಗೆದಿಡಿ.